ಮನೆಯಂಗಳದ ಹವಾಮಾನ ಕೇಂದ್ರ: ಸೆನ್ಸರ್‌ಗಳ ತಾಳೆ ಮತ್ತು ಪಾಲನೆ

ಮನೆಯ ತಾರಸಿಯಲ್ಲೋ ತೋಟದ ಬದುವಿನಲ್ಲೋ ನಿಲ್ಲಿಸುವ ಪುಟ್ಟ ಹವಾಮಾನ ಕೇಂದ್ರ ಸಾಮಾನ್ಯವಾಗಿ ಐದು ಸಂಗತಿಗಳನ್ನು ಅಳೆಯುತ್ತದೆ: ಮಳೆ, ತಾಪಮಾನ, ಗಾಳಿಯಲ್ಲಿನ ತೇವಾಂಶ, ವಾಯುಭಾರ, ಗಾಳಿಯ ವೇಗ ಮತ್ತು ದಿಕ್ಕು. ಕೆಲವದರಲ್ಲಿ ಬಿಸಿಲಿನ ತೀವ್ರತೆ, ಮಣ್ಣಿನ ತೇವವೂ ಸೇರುತ್ತವೆ. ಪೆಟ್ಟಿಗೆ ಬಿಚ್ಚಿ ಕಂಬಕ್ಕೆ ಕಟ್ಟಿದ ದಿನದಿಂದಲೇ ಪರದೆಯ ಮೇಲೆ ಅಂಕಿ ಮೂಡತೊಡಗುತ್ತದೆ. ದಶಾಂಶದ ಆಚೆಗೂ ಒಂದು ಅಂಕಿ ಇರುವುದರಿಂದ ಅದು ನಿಖರವೆಂದೇ ತೋರುತ್ತದೆ. ಆದರೆ ಅಂಕಿ ಮೂಡುವುದೇ ಬೇರೆ, ಅದು ಸರಿಯಿರುವುದೇ ಬೇರೆ. ತಪ್ಪು ಮೂರು ದಾರಿಗಳಿಂದ ಒಳಬರುತ್ತದೆ: ನಿಲ್ಲಿಸಿದ ಜಾಗ, ಕೊಳೆ ಮತ್ತು ಸವೆತ, ಸೆನ್ಸರಿನ ಸ್ವಂತ ಅಳತೆದೋಷ. ಕೊಳ್ಳುವವರು ತಲೆ ಕೆಡಿಸಿಕೊಳ್ಳುವುದು ಮೂರನೆಯದರ ಬಗ್ಗೆ. ಲೆಕ್ಕವನ್ನು ಹೆಚ್ಚು ಕೆಡಿಸುವುದು ಮೊದಲೆರಡು.

ಮಂಡ್ಯ ಜಿಲ್ಲೆಯ ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ ತಾಲ್ಲೂಕುಗಳಲ್ಲಿ ಈ ಪ್ರಶ್ನೆಗೆ ಸ್ಥಳೀಯವಾದ ಒಂದು ತೊಡಕಿದೆ. ನಾಲ್ಕೂ ದಕ್ಷಿಣ ಒಣ ವಲಯಕ್ಕೆ ಸೇರಿದವು. ಜಿಲ್ಲೆಯ ವಾರ್ಷಿಕ ಮಳೆ 700 ಮಿ.ಮೀ. ಆಸುಪಾಸು. ಆದರೆ ನೆಲದ ಚಹರೆ ಒಂದೇ ಅಲ್ಲ. ಶ್ರೀರಂಗಪಟ್ಟಣದ ಸುತ್ತ ವಿರಿಜಾ, ಚಿಕ್ಕದೇವರಾಯಸಾಗರ, ಬಂಗಾರದೊಡ್ಡಿ ನಾಲೆಗಳ ಕೆಳಗೆ ಭತ್ತ, ಕಬ್ಬು; ಪಾಂಡವಪುರದ ಬಹುಭಾಗಕ್ಕೆ ವಿಶ್ವೇಶ್ವರಯ್ಯ ನಾಲೆಯ ನೀರು. ಕೆ.ಆರ್. ಪೇಟೆಯಲ್ಲಿ ಹೇಮಾವತಿಯ ದಡದ ಅಕ್ಕಿಹೆಬ್ಬಾಳು ಒಂದು ಬಗೆ, ಮೇಲ್ಭಾಗದ ಊರುಗಳು ಇನ್ನೊಂದು ಬಗೆ. ನಾಗಮಂಗಲಕ್ಕೆ ಬಂದರೆ ರಾಗಿ, ಹುರುಳಿ, ತೆಂಗಿನ ಖುಷ್ಕಿ ಸೀಮೆ. ಗದ್ದೆಯಲ್ಲಿ ನೀರು ನಿಂತ ಊರಿನ ಮಧ್ಯಾಹ್ನದ ತೇವಾಂಶಕ್ಕೂ ಹತ್ತಿಪ್ಪತ್ತು ಕಿಲೋಮೀಟರು ಆಚೆಯ ಒಣ ಹೊಲದ ತೇವಾಂಶಕ್ಕೂ ನಿಜವಾಗಿಯೇ ವ್ಯತ್ಯಾಸವಿರುತ್ತದೆ. ಭರಣಿ, ಕೃತ್ತಿಕೆಯ ಗುಡುಗು ಮಳೆಯಂತೂ ಒಂದೂರಿನ ಕೆರೆಗೆ ನೀರು ತಂದು ಪಕ್ಕದೂರಿನ ಧೂಳನ್ನೂ ಅಡಗಿಸದೆ ಹೋಗುತ್ತದೆ. ಹೀಗಾಗಿ ನೆರೆಯ ಕೇಂದ್ರದ ಅಂಕಿಗೆ ತನ್ನ ಅಂಕಿ ಹೊಂದಲಿಲ್ಲ ಎಂಬ ಕಾರಣಕ್ಕೆ ಸೆನ್ಸರನ್ನು ತಿದ್ದುವುದು ಇಲ್ಲಿ ಅಪಾಯ. ಅಳೆದ ನೀರು, ಕರಗುವ ಮಂಜುಗಡ್ಡೆ, ಉಪ್ಪಿನ ಕೆಸರು, ಸಮುದ್ರ ಮಟ್ಟದಿಂದ ಇರುವ ಎತ್ತರ ಇಂಥ ಸ್ಥಿರವಾದ ಆಧಾರಗಳ ಜೊತೆ ತಾಳೆ ನೋಡಬೇಕು. ಬೇರೆ ಕೇಂದ್ರಗಳ ಹೋಲಿಕೆ ಅದಾದ ಮೇಲಿನ ಮಾತು.

ಹಾಗೆಂದು ಹೋಲಿಕೆಗೆ ಏನೂ ಇಲ್ಲವೆಂದಲ್ಲ. ಹಳೆಯ ಮೈಸೂರು ಸಂಸ್ಥಾನದಲ್ಲಿ ಹವಾಮಾನದ ವ್ಯವಸ್ಥಿತ ದಾಖಲೆ ಆರಂಭವಾದದ್ದು 1890ರ ದಶಕದಲ್ಲಿ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಪ್ರಾಂಶುಪಾಲರಾಗಿದ್ದ ಜಾನ್ ಕುಕ್ ಅವರ ಉಸ್ತುವಾರಿಯಲ್ಲಿ ಬೆಂಗಳೂರು, ಮೈಸೂರು, ಹಾಸನ, ಚಿತ್ರದುರ್ಗಗಳ ವೀಕ್ಷಣಾಲಯಗಳ ವರದಿಗಳು ಪ್ರಕಟವಾದವು. ತಾಲ್ಲೂಕು ಕೇಂದ್ರಗಳಲ್ಲಿ ಮಳೆ ಅಳೆಯುವ ಪದ್ಧತಿಯೂ ಬೇರೂರಿತು. ಬೆಳಿಗ್ಗೆ ಎಂಟೂವರೆಗೆ ಅಳತೆ ಪಾತ್ರೆಗೆ ನೀರು ಸುರಿದು ಬರೆದುಕೊಳ್ಳುವ ಕ್ರಮ ಇಂದಿಗೂ ಉಳಿದಿದೆ. 1988ರಲ್ಲಿ ಬರ ಉಸ್ತುವಾರಿ ಕೋಶವಾಗಿ ಹುಟ್ಟಿ, ಈಗ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಎನಿಸಿಕೊಂಡ ಸಂಸ್ಥೆ ಗ್ರಾಮ ಪಂಚಾಯಿತಿಗೊಂದರಂತೆ ರಾಜ್ಯದಲ್ಲಿ 6,000ಕ್ಕೂ ಹೆಚ್ಚು ಸ್ವಯಂಚಾಲಿತ ಮಳೆಮಾಪಕಗಳನ್ನೂ ಹೋಬಳಿ ಮಟ್ಟದಲ್ಲಿ ಹವಾಮಾನ ಕೇಂದ್ರಗಳನ್ನೂ ಇರಿಸಿದೆ. ಇವು ಹದಿನೈದು ನಿಮಿಷಕ್ಕೊಮ್ಮೆ ಮಾಹಿತಿ ಕಳಿಸುವಂಥವು. ಬೂಕನಕೆರೆಯಲ್ಲೋ ಬಿಂಡಿಗನವಿಲೆಯಲ್ಲೋ ಮನೆಯಲ್ಲಿ ಕೇಂದ್ರ ಇಟ್ಟುಕೊಂಡವರಿಗೆ ಹೋಲಿಸಿ ನೋಡಲು ತಮ್ಮ ಹೋಬಳಿಯದೇ ದಾಖಲೆ ಸಿಗುತ್ತದೆ.

ಆದರೆ ಹೋಲಿಸುವ ಮೊದಲು ದಿನದ ಲೆಕ್ಕವೇ ಒಂದಾಗಿರಬೇಕು. ಸರ್ಕಾರಿ ದಾಖಲೆಯ ದಿನ ಬೆಳಿಗ್ಗೆ 8.30ರಿಂದ ಮರುದಿನ 8.30ರವರೆಗೆ; ಮನೆಯ ಯಂತ್ರದ ದಿನ ನಡುರಾತ್ರಿ 12ಕ್ಕೆ ಮುಗಿಯುತ್ತದೆ. ಈ ಸೀಮೆಯ ಗುಡುಗು ಮಳೆ ಬಹುಪಾಲು ಸಂಜೆಯಿಂದ ನಡುರಾತ್ರಿಯೊಳಗೆ ಬೀಳುವುದು. 14ರ ರಾತ್ರಿ ಸುರಿದ ಮಳೆ ಮನೆಯ ಯಂತ್ರದಲ್ಲಿ 14ಕ್ಕೂ ಸರ್ಕಾರಿ ಪಟ್ಟಿಯಲ್ಲಿ 15ಕ್ಕೂ ದಾಖಲಾಗುತ್ತದೆ. ಯಂತ್ರ ಕೆಟ್ಟಿದೆ ಎಂಬ ದೂರುಗಳಲ್ಲಿ ಕೆಲವು ಇಷ್ಟಕ್ಕೇ ಬಗೆಹರಿಯುತ್ತವೆ.

ಐದರಲ್ಲಿ ಹೆಚ್ಚು ಗಮನ ಬೇಡುವುದು ಮಳೆಮಾಪಕ. ರೈತನಿಗೆ ಬೇಕಾದ ಅಂಕಿಯೂ ಅದೇ, ಹೆಚ್ಚು ಕೆಡುವುದೂ ಅದೇ. ಸ್ವಯಂಚಾಲಿತ ಮಾಪಕದೊಳಗೆ ಆಲಿಕೆಯ ಕೆಳಗೆ ಜೋಡಿ ಬಟ್ಟಲುಗಳು ಏತದಂತೆ ಆಡುತ್ತವೆ. ಒಂದು ತುಂಬಿದೊಡನೆ ಮಗುಚುತ್ತದೆ, ಇನ್ನೊಂದು ಆಲಿಕೆಯ ಕೆಳಕ್ಕೆ ಬರುತ್ತದೆ. ಪ್ರತಿ ಮಗುಚಿಗೂ ಒಂದು ಆಯಸ್ಕಾಂತ ಸ್ವಿಚ್ಚಿನ ಮುಂದೆ ಹಾದು ಲೆಕ್ಕ ಹತ್ತುತ್ತದೆ. ಒಂದು ಮಗುಚಿಗೆ 0.2 ಮಿ.ಮೀ. ಎಂಬುದು ಸಾಮಾನ್ಯ, 0.25, 0.5 ಮಿ.ಮೀ. ಬಟ್ಟಲುಗಳೂ ಉಂಟು.

ಇದರ ಪರೀಕ್ಷೆಗೆ ಪ್ರಯೋಗಾಲಯ ಬೇಕಿಲ್ಲ. ಬಾಯಿಯ ವಿಸ್ತೀರ್ಣ ಗೊತ್ತಿದ್ದರೆ ಸಾಕು. ಆಲಿಕೆಯ ಬಾಯಿ ಅಂಚಿನಿಂದ ಅಂಚಿಗೆ 16 ಸೆಂ.ಮೀ. ಇದೆ ಎಂದುಕೊಂಡರೆ ವಿಸ್ತೀರ್ಣ 201 ಚದರ ಸೆಂ.ಮೀ. ಅದರ ಮೇಲೆ 1 ಮಿ.ಮೀ. ಮಳೆ ಬಿದ್ದರೆ ಒಳಸೇರುವ ನೀರು 20.1 ಮಿ.ಲೀ. ಅಂದರೆ 0.2 ಮಿ.ಮೀ.ನ ಬಟ್ಟಲು 4 ಮಿ.ಲೀ.ಗೆ ಚೂರು ಮೇಲೆ ತುಂಬಿದಾಗ ಮಗುಚಬೇಕು. 402 ಮಿ.ಲೀ. ನೀರು ಬಿಟ್ಟರೆ ನೂರು ಮಗುಚು, ಪರದೆಯ ಮೇಲೆ 20 ಮಿ.ಮೀ. ನೀರನ್ನು ಅಡುಗೆಮನೆಯ ಲೋಟದಲ್ಲಿ ಅಂದಾಜು ಮಾಡುವುದಕ್ಕಿಂತ ಗ್ರಾಂ ತೋರುವ ತಕ್ಕಡಿಯಲ್ಲಿ ತೂಗುವುದು ಮೇಲು, ಒಂದು ಮಿ.ಲೀ. ನೀರು ಒಂದು ಗ್ರಾಂ ತೂಗುತ್ತದೆ. ಸುರಿಯುವ ವೇಗವೇ ಇಲ್ಲಿನ ಮರ್ಮ. ಚೊಂಬಿನಿಂದ ಒಮ್ಮೆಲೇ ಸುರಿದರೆ ಪರೀಕ್ಷೆಯೇ ಕೆಟ್ಟಂತೆ. ಔಷಧಿ ಅಂಗಡಿಯಲ್ಲಿ ಸಿಗುವ ಗ್ಲೂಕೋಸ್ ಡ್ರಿಪ್ಪಿನ ನಳಿಕೆಯನ್ನು ಬಾಟಲಿಗೆ ಸಿಕ್ಕಿಸಿ, ಚಕ್ರ ತಿರುಗಿಸಿ, ಆ ನೀರು ಇಳಿಯಲು ಒಂದು ಗಂಟೆ ಹಿಡಿಯುವಂತೆ ಮಾಡಬೇಕು. ಅದು ಗಂಟೆಗೆ 20 ಮಿ.ಮೀ. ಮಳೆಗೆ ಸಮ. ಶುರು ಮಾಡುವ ಮುಂಚೆ ಬಟ್ಟಲುಗಳನ್ನು ನಾಲ್ಕೈದು ಸಲ ಮಗುಚಿಸಿ ಒದ್ದೆ ಮಾಡಿಕೊಳ್ಳಬೇಕು. ಒಣ ಬಟ್ಟಲು ಮೊದಲ ಹನಿಗಳನ್ನು ತನ್ನ ಮೈಗೇ ಅಂಟಿಸಿಕೊಳ್ಳುತ್ತದೆ.

ನೂರರ ಬದಲು 93 ಮಗುಚು ಬಂತೆನ್ನಿ. ಮಾಪಕ ಶೇ. 7ರಷ್ಟು ಕಡಿಮೆ ತೋರಿಸುತ್ತಿದೆ. ಇದೇ ಹಾದಿಯಲ್ಲಿ ಹೋದರೆ 700 ಮಿ.ಮೀ. ಮಳೆಯಾದ ವರ್ಷ ಪುಸ್ತಕದಲ್ಲಿ 651 ಎಂದು ಕುಳಿತಿರುತ್ತದೆ. ತಿದ್ದಲು ಎರಡು ದಾರಿ. ಬಟ್ಟಲಿನ ಕೆಳಗೆ ಅದು ಬಂದು ಕೂರುವ ಎರಡು ಸ್ಕ್ರೂಗಳಿರುತ್ತವೆ; ಅವನ್ನು ಮೇಲಕ್ಕೆತ್ತಿದರೆ ಬಟ್ಟಲು ಕಡಿಮೆ ನೀರಿಗೇ ಮಗುಚುತ್ತದೆ, ಎಣಿಕೆ ಏರುತ್ತದೆ; ಇಳಿಸಿದರೆ ವಿರುದ್ಧ. ಎರಡನ್ನೂ ಸಮನಾಗಿ ತಿರುಗಿಸಬೇಕು, ಕಾಲು ಸುತ್ತಿಗಿಂತ ಹೆಚ್ಚು ಒಮ್ಮೆಗೆ ಬೇಡ, ಪ್ರತಿ ಸಲವೂ ಪರೀಕ್ಷೆ ಮತ್ತೆ ಮಾಡಬೇಕು. ಇನ್ನೊಂದು ದಾರಿ ಸ್ಕ್ರೂ ಮುಟ್ಟದೆ ಲೆಕ್ಕದಲ್ಲೇ 1.075ರಿಂದ ಗುಣಿಸುವುದು. ತಂತ್ರಾಂಶದಲ್ಲಿ ಆ ಅವಕಾಶವಿದ್ದರೆ ಎರಡನೆಯದೇ ಲೇಸು, ಏಕೆಂದರೆ ಏನು ತಿದ್ದಿದೆವು ಎಂಬುದು ಬರಹದಲ್ಲಿ ಉಳಿಯುತ್ತದೆ. ಸ್ಕ್ರೂ ತಿರುಗಿಸಿದ್ದು ಯಾರಿಗೂ ನೆನಪಿರುವುದಿಲ್ಲ.

ಬಿರುಸು ಮಳೆಯಲ್ಲಿ ಇನ್ನೊಂದು ತೊಂದರೆ. ಬಟ್ಟಲು ಮಗುಚುತ್ತಿರುವ ಅರೆಗಳಿಗೆಯಲ್ಲೂ ನೀರು ಬೀಳುತ್ತಲೇ ಇರುತ್ತದೆ. ಆ ನೀರು ಎಣಿಕೆಗೆ ಸಿಗದೆ ಹರಿದುಹೋಗುತ್ತದೆ. ಸೋನೆಗೆ ಸರಿಯಾಗಿರುವ ಮಾಪಕ ಗಂಟೆಗೆ ನೂರು ಮಿ.ಮೀ. ಮೀರುವ ಹೊಡೆತಕ್ಕೆ ಗಮನಾರ್ಹವಾಗಿ ಕಡಿಮೆ ತೋರಿಸುವುದು ಇದರಿಂದ. ಮುಚ್ಚಳಕ್ಕೆ ಸಣ್ಣ ತೂತು ಕೊರೆದ ಬಾಟಲಿಯಿಂದ ಅದೇ 402 ಮಿ.ಲೀ. ಹತ್ತು ನಿಮಿಷದಲ್ಲಿ ಇಳಿಯುವಂತೆ ಮಾಡಿ, ಅಂದರೆ ಗಂಟೆಗೆ 120 ಮಿ.ಮೀ. ವೇಗದಲ್ಲಿ, ಇನ್ನೊಮ್ಮೆ ಎಣಿಸಿದರೆ ಈ ಕೊರತೆ ಎಷ್ಟೆಂದು ತಿಳಿಯುತ್ತದೆ. ಭಾರತೀಯ ಹವಾಮಾನ ಇಲಾಖೆ ದಿನಕ್ಕೆ 64.5 ಮಿ.ಮೀ. ದಾಟಿದರೆ ಭಾರಿ ಮಳೆ ಎನ್ನುತ್ತದೆ. ಅಂಥ ದಿನಗಳ ಅಂಕಿಯನ್ನೇ ಮಾಪಕ ಹೆಚ್ಚಾಗಿ ತಗ್ಗಿಸಿ ತೋರಿಸುವುದು ಎಂಬುದನ್ನು ನೆನಪಿಟ್ಟುಕೊಳ್ಳಬೇಕು.

ಈ ಕಾರಣಕ್ಕೇ ಸ್ವಯಂಚಾಲಿತ ಮಾಪಕದ ಪಕ್ಕ ಒಂದು ಸಾದಾ ಮಾಪಕ ಇರಬೇಕು. ಇಲಾಖೆ ಬಳಸುವ ಸಾದಾ ಮಾಪಕದ ಬಾಯಿ 100 ಅಥವಾ 200 ಚದರ ಸೆಂ.ಮೀ.; ಹಳೆಯ ಸೈಮನ್ಸ್ ಮಾಪಕದ್ದು 5 ಅಂಗುಲ ವ್ಯಾಸ. ಒಳಗೆ ಚಲಿಸುವ ಭಾಗವೇ ಇಲ್ಲದ್ದರಿಂದ ಕೆಡಲು ಏನೂ ಇಲ್ಲ. ಯಾವ ಹೊತ್ತಿನಲ್ಲಿ ಎಷ್ಟು ರಭಸದಿಂದ ಬಿತ್ತೆಂಬುದು ಯಂತ್ರದಿಂದ, ಒಟ್ಟು ಎಷ್ಟು ಬಿತ್ತೆಂಬುದು ಸಾದಾ ಪಾತ್ರೆಯಿಂದ ಎಂದು ಹಂಚಿಕೊಂಡರೆ ಎರಡಕ್ಕೂ ನ್ಯಾಯ.

ಮಾಪಕದ ಬಾಯಿ ಮಟ್ಟವಾಗಿರಬೇಕು. ಗಾರೆ ಕೆಲಸದವರ ರಸಮಟ್ಟವನ್ನು ಅಂಚಿನ ಮೇಲೆ ಅಡ್ಡಲಾಗಿಯೂ ಉದ್ದಲಾಗಿಯೂ ಇಟ್ಟು ನೋಡಿದರೆ ಆಯಿತು. ಒಳಗಿನ ಬಟ್ಟಲೂ ಮಟ್ಟವಾಗಿರದಿದ್ದರೆ ಒಂದು ಕಡೆಯದು ಬೇಗ, ಇನ್ನೊಂದು ತಡವಾಗಿ ಮಗುಚುತ್ತದೆ. ಮರ, ಗೋಡೆಗಳಿಂದ ದೂರ ಅವುಗಳ ಎತ್ತರದ ಎರಡರಷ್ಟಾದರೂ ಇರಬೇಕು, ನಾಲ್ಕರಷ್ಟಿದ್ದರೆ ಉತ್ತಮ. ಇಪ್ಪತ್ತು ಮೀಟರಿನ ತೆಂಗು ಎಂದರೆ ನಲವತ್ತು ಮೀಟರ್ ಆಚೆ. ನಾಗಮಂಗಲದ ತೆಂಗಿನ ತೋಟದ ನಡುವಿನ ಮನೆಗೆ ಇದು ಆಗದ ಮಾತು. ಅಲ್ಲಿ ಹತ್ತಿರದ ಬಯಲಲ್ಲಿ ಮಾಪಕವನ್ನು ಮಾತ್ರ ಬೇರೆಯಾಗಿ ನೆಡುವುದೇ ಸರಿ. ಕಬ್ಬಿನ ಸೀಮೆಯ ತೊಂದರೆ ಇನ್ನೂ ನವಿರಾದದ್ದು. ನಾಟಿ ಕಾಲದಲ್ಲಿ ಬಟಾಬಯಲಾಗಿದ್ದ ಜಾಗ ಹತ್ತು ತಿಂಗಳಿಗೆ ಮೂರು ಮೀಟರ್ ಎತ್ತರದ ಗೋಡೆಯಾಗಿರುತ್ತದೆ. ಮಾಪಕ ಅಲುಗಾಡಿಲ್ಲ, ಆದರೂ ಅದಿರುವ ಜಾಗ ಬದಲಾಗಿದೆ. ಕಟಾವಾದ ತಿಂಗಳಿಂದ ಗಾಳಿಯ ವೇಗ ದಿಢೀರನೆ ಏರಿದಂತೆ ಕಾಣುವುದೂ ಇದರಿಂದಲೇ. ತಾರಸಿಯ ಅಂಚಿನಲ್ಲಿ ಇಟ್ಟರೆ ಗೋಡೆಗೆ ಬಡಿದು ಮೇಲೇಳುವ ಗಾಳಿ ಹನಿಗಳನ್ನು ಬಾಯಿಯ ಮೇಲಿಂದ ತೇಲಿಸಿಕೊಂಡು ಹೋಗುತ್ತದೆ.

ಇನ್ನು ಕೊಳೆ. ಆಲೆಮನೆಗಳ ಮಸಿ, ಕಟಾವಾದ ಗದ್ದೆಯಲ್ಲಿ ತರಗು ಸುಟ್ಟಾಗ ಹಾರುವ ಕರಿ, ಕಲ್ಲುಗಣಿಗಳ ಕಡೆಯ ಧೂಳು, ತೆಂಗಿನ ಹೊಂಬಾಳೆಯ ಉದುರು ಎಲ್ಲವೂ ಆಲಿಕೆಯ ಜರಡಿಯಲ್ಲಿ ಸೇರಿ ಮೊದಲ ಮಳೆಗೆ ಅಂಟಾಗುತ್ತವೆ. ಆಮೇಲೆ ಮಳೆ ನಿಂತು ಎರಡು ಗಂಟೆಯಾದರೂ ಪರದೆಯ ಮೇಲೆ ಹನಿ ಹನಿ ಮಳೆ ಮುಂದುವರಿಯುತ್ತದೆ. ಇದು ಅರ್ಧ ಕಟ್ಟಿದ ಆಲಿಕೆಯ ಖಚಿತ ಗುರುತು. ಪೂರ್ತಿ ಕಟ್ಟಿದರೆ ಸೊನ್ನೆ; ಸೊನ್ನೆಯನ್ನು ಜನ ಮಳೆ ಬಂದಿಲ್ಲ ಎಂದೇ ಓದುತ್ತಾರೆ, ಅದೇ ಅದರ ಕೇಡು. ಒಳಗಡೆ ಜೇಡ, ಇರುವೆ, ಕಣಜ, ಮರಿಹಲ್ಲಿ ಮನೆ ಮಾಡುತ್ತವೆ. ಬಟ್ಟಲಿಗೂ ಚೌಕಟ್ಟಿಗೂ ನಡುವೆ ಹೆಣೆದ ಒಂದೇ ಒಂದು ಜೇಡನ ಎಳೆ ಮಗುಚುವುದನ್ನು ತಡೆಯಬಲ್ಲದು. ಮೆದು ಬ್ರಷ್ಷು, ಸೋಪಿನ ನೀರು ಸಾಕು. ಬಟ್ಟಲಿನ ಕೀಲಿಗೆ ಎಣ್ಣೆ ಬಿಡುವವರುಂಟು. ಬಿಡಬಾರದು, ಎಣ್ಣೆ ಧೂಳನ್ನು ಹಿಡಿದು ಕೀಲನ್ನೇ ಬಿಗಿ ಮಾಡುತ್ತದೆ.

ಇಲ್ಲದ ಮಳೆ ತೋರಿಸುವ ಸಂದರ್ಭಗಳೂ ಇವೆ. ಪಕ್ಕದ ಹೊಲದ ಸ್ಪ್ರಿಂಕ್ಲರ್ ತಿರುಗಿ ತಿರುಗಿ ಆಲಿಕೆಗೆ ಹನಿಸಿದರೆ ಉರಿಬಿಸಿಲಲ್ಲೂ ಎರಡು ಮಿ.ಮೀ. ದಾಖಲಾಗುತ್ತದೆ. ಕಂಬ ಸಡಿಲವಿದ್ದರೆ ಗಾಳಿಗೂ, ಹತ್ತಿರದಲ್ಲಿ ಬಂಡೆ ಸಿಡಿಸಿದರೆ ಆ ಅದುರಿಗೂ ಅರ್ಧ ತುಂಬಿದ ಬಟ್ಟಲು ಮಗುಚಬಹುದು. ಪುಷ್ಯ ಮಾಸದ ಬೆಳಗಿನಲ್ಲಿ ಕಾವೇರಿ ದಡದ ಊರುಗಳಲ್ಲಿ ಸುರಿಯುವ ಇಬ್ಬನಿ ಆಲಿಕೆಯಲ್ಲಿ ಹನಿಗಟ್ಟಿ ಇಳಿದು 0.2 ಮಿ.ಮೀ. ತೋರಿಸುವುದುಂಟು, ಇದು ಯಂತ್ರದ ದೋಷವಲ್ಲ, ಆದರೆ ಮಳೆಯೂ ಅಲ್ಲ. 2.5 ಮಿ.ಮೀ. ಆದರೆ ಮಾತ್ರ ಮಳೆಯ ದಿನ ಎಂದು ಇಲಾಖೆ ಎಣಿಸುವುದರಿಂದ ದಿನಗಳ ಲೆಕ್ಕ ಇಂಥ ಹನಿಗಳಿಂದ ಕೆಡುವುದಿಲ್ಲ.

ತಾಪಮಾನದ ಸೆನ್ಸರ್ ಸ್ವತಃ ನಂಬಿಗಸ್ತ. ತಪ್ಪೆಲ್ಲ ಅದರ ಮನೆಯದು. ಅಳೆಯಬೇಕಾದ್ದು ನೆರಳಿನ ಗಾಳಿಯ ಬಿಸಿಯನ್ನು, ಬಿಸಿಲಿಗೆ ಕಾದ ಪ್ಲಾಸ್ಟಿಕ್ಕಿನ ಬಿಸಿಯನ್ನಲ್ಲ. ತಟ್ಟೆಗಳನ್ನು ಪೇರಿಸಿದಂಥ ಬಿಳಿ ಕವಚದೊಳಗೆ, ನೆಲದಿಂದ ಒಂದೂಕಾಲರಿಂದ ಎರಡು ಮೀಟರ್ ಎತ್ತರದಲ್ಲಿ, ಹುಲ್ಲಿನ ಅಥವಾ ಮಣ್ಣಿನ ನೆಲದ ಮೇಲೆ ಇದು ಇರಬೇಕು. ಕಾಂಕ್ರೀಟ್ ತಾರಸಿ, ಸಿಮೆಂಟ್ ಶೀಟಿನ ಛಾವಣಿ ಎರಡೂ ಹಗಲಿನ ಗರಿಷ್ಠವನ್ನು ಎತ್ತುತ್ತವೆ, ರಾತ್ರಿಯ ಕನಿಷ್ಠವನ್ನೂ ಇಳಿಯಗೊಡುವುದಿಲ್ಲ. ಕವಚ ಕಾಲಕ್ರಮದಲ್ಲಿ ಹಳದಿಗಟ್ಟುತ್ತದೆ, ಮಸಿ ಹಿಡಿಯುತ್ತದೆ. ಬಿಳುಪು ಕಳೆದಷ್ಟೂ ಒಳಗಿನ ಶಾಖ ಹೆಚ್ಚು.

ಸೆನ್ಸರನ್ನು ಪರೀಕ್ಷಿಸಲು ಸೊನ್ನೆ ಡಿಗ್ರಿ ಎಲ್ಲ ಊರಿಗೂ ಒಂದೇ. ಥರ್ಮಾಸ್ ಫ್ಲಾಸ್ಕಿಗೆ ಕುಟ್ಟಿದ ಐಸು ತುಂಬಿ, ಸಂದು ಮುಚ್ಚುವಷ್ಟೇ ತಣ್ಣೀರು ಹಾಕಿ, ಕಲಕಿ, ಸೆನ್ಸರನ್ನು ಕಾಲು ಗಂಟೆ ಅದರೊಳಗಿಟ್ಟರೆ 0 ತೋರಿಸಬೇಕು. ನೀರು ಸೇರದ ಲೋಹದ ಕೊಳವೆಯ ಸೆನ್ಸರಾದರೆ ನೇರವಾಗಿ ಅದ್ದಬಹುದು. ತೇವಾಂಶದ ಚಿಪ್ಪಿನ ಜೊತೆ ಸೇರಿಕೊಂಡಿರುವುದನ್ನು ಅದ್ದಿದರೆ ಅದರ ಕಥೆ ಮುಗಿಯಿತು, ತೆಳು ಪ್ಲಾಸ್ಟಿಕ್ ಚೀಲದೊಳಗೆ ಗಾಳಿಯಾಡದಂತೆ ಕಟ್ಟಿ ಇಳಿಸಬೇಕು. ಕುದಿಯುವ ನೀರನ್ನು ಇನ್ನೊಂದು ತುದಿಯ ಆಧಾರವಾಗಿ ಹಿಡಿಯುವ ಸಲಹೆ ಈ ಸೀಮೆಗೆ ಹೊಂದುವುದಿಲ್ಲ. ಸಮುದ್ರ ಮಟ್ಟದಿಂದ 700–800 ಮೀಟರ್ ಎತ್ತರದಲ್ಲಿ ನೀರು ಕುದಿಯುವುದು 100 ಡಿಗ್ರಿಗಲ್ಲ, 97.5ರ ಹತ್ತಿರ. ಬಹಳ ಚಿಪ್ಪುಗಳಿಗೆ ಆ ಬಿಸಿ ತಾಳುವ ಶಕ್ತಿಯೂ ಇಲ್ಲ.

ಸೆನ್ಸರ್ ಸರಿಯೋ ಕವಚ ಸರಿಯೋ ಎಂದು ಬೇರ್ಪಡಿಸಲು ಕಾಲವೇ ನೆರವಾಗುತ್ತದೆ. ಆಷಾಢದಲ್ಲಿ ಮೋಡ ಕವಿದು ಗಾಳಿ ಬೀಸುತ್ತಿರುವಾಗ ಕವಚದ ದೋಷ ಬಹುತೇಕ ಇಲ್ಲವಾಗುತ್ತದೆ. ಒಳ್ಳೆಯ ಥರ್ಮಾಮೀಟರೊಂದನ್ನು ಪಕ್ಕದಲ್ಲಿ ನೇತುಹಾಕಿ ಹೋಲಿಸಲು ಅದೇ ತಕ್ಕ ಹೊತ್ತು. ಆಗ ಎರಡೂ ಒಂದೇ ತೋರಿಸಿ, ಚೈತ್ರದ ಗಾಳಿಯಿಲ್ಲದ ಮಧ್ಯಾಹ್ನ ಮಾತ್ರ ಎರಡು ಮೂರು ಡಿಗ್ರಿ ದೂರವಾದರೆ ಬದಲಿಸಬೇಕಾದ್ದು ಕವಚವನ್ನು ಅಥವಾ ಜಾಗವನ್ನು. ಸೆನ್ಸರಿಗೆ ಮೈನಸ್ ಎರಡು ಎಂದು ತಿದ್ದುಪಡಿ ಕೊಟ್ಟರೆ ಹಗಲಿನ ತಪ್ಪು ರಾತ್ರಿಗೂ ಹರಡುತ್ತದೆ.

ತೇವಾಂಶದ ಚಿಪ್ಪು ಐದರಲ್ಲಿ ಅಲ್ಪಾಯುಷಿ. ಹೊಸದರಲ್ಲೇ ಬಿಎಂಇ280 ಚಿಪ್ಪಿಗೆ ಶೇ. 3, ಎಸ್‌ಎಚ್‌ಟಿ31ಕ್ಕೆ ಶೇ. 2ರಷ್ಟು ಹೆಚ್ಚುಕಡಿಮೆ ಸಹಜವೆಂದು ತಯಾರಕರೇ ಹೇಳುತ್ತಾರೆ. ವಿದ್ಯಾರ್ಥಿಗಳ ಪ್ರಾಜೆಕ್ಟುಗಳಲ್ಲಿ ಕಾಣುವ ಅಗ್ಗದ ಡಿಎಚ್‌ಟಿ22ರದು ಇನ್ನೂ ಸಡಿಲ. ಮಳೆಗಾಲ ಪೂರ್ತಿ ತೊಯ್ದು, ಧೂಳು ಕುಡಿದು, ಎರಡು ಮೂರು ವರ್ಷಕ್ಕೆ ಚಿಪ್ಪು ಬಿಸಿಲಲ್ಲೂ 90ರ ಕೆಳಗಿಳಿಯದಂತಾಗಬಹುದು. ಇದರ ಪರಿಣಾಮ ಹೊಲಕ್ಕೂ ತಟ್ಟುತ್ತದೆ. ಭತ್ತದ ಬೆಂಕಿ ರೋಗದ ಮುನ್ಸೂಚನೆಗೆ ತೇವಾಂಶವೇ ಮುಖ್ಯ ಸುಳಿವು. ಸದಾ 95 ತೋರಿಸುವ ಯಂತ್ರವನ್ನು ನಂಬಿದರೆ ಬೇಡದ ಔಷಧಿ ಹೊಡೆದಂತಾಗುತ್ತದೆ.

ಪರೀಕ್ಷೆ ಉಪ್ಪಿನದು. ಉಪ್ಪು ನೀರಿನಲ್ಲಿ ಪೂರ್ತಿ ಕರಗದೆ ಕೆಸರಾಗಿ ಉಳಿದಾಗ, ಮುಚ್ಚಿದ ಡಬ್ಬಿಯೊಳಗಿನ ಗಾಳಿಯ ತೇವಾಂಶ 25 ಡಿಗ್ರಿಯಲ್ಲಿ ಶೇ. 75.3ಕ್ಕೆ ನಿಲ್ಲುತ್ತದೆ, ಕೋಣೆಯ ಬಿಸಿ ಸ್ವಲ್ಪ ಆಚೀಚೆಯಾದರೂ ಇದು ಅಲುಗುವುದಿಲ್ಲ. ಬಾಟಲಿಯ ಮುಚ್ಚಳದಲ್ಲಿ ಶುದ್ಧ ಕಲ್ಲುಪ್ಪನ್ನು ಕುಟ್ಟಿ ಹಾಕಿ, ಹನಿ ಹನಿ ನೀರು ಬೆರೆಸಿ, ಒದ್ದೆ ಮರಳಿನ ಹದಕ್ಕೆ ತರಬೇಕು. ಮೇಲೆ ನೀರು ನಿಂತರೆ ಹೆಚ್ಚಾಯಿತು ಎಂದರ್ಥ. ಅದನ್ನೂ ಸೆನ್ಸರನ್ನೂ ಒಂದಕ್ಕೊಂದು ತಾಗದಂತೆ ಬಿಗಿ ಮುಚ್ಚಳದ ಡಬ್ಬಿಯಲ್ಲಿಟ್ಟು, ಬಿಸಿಲು ತಾಗದ ಕೋಣೆಯಲ್ಲಿ ರಾತ್ರಿಯಿಡೀ ಬಿಡಬೇಕು. ಬೆಳಿಗ್ಗೆ 75ರ ಬದಲು 82 ತೋರಿಸಿದರೆ ಏಳರ ತಪ್ಪು. ಇದು ಮೇಲ್ಭಾಗದ ಒಂದೇ ಬಿಂದು. ಕೆಳಭಾಗಕ್ಕೆ ಮೆಗ್ನೀಷಿಯಂ ಕ್ಲೋರೈಡಿನ ಕೆಸರು ಶೇ. 33ರ ಸುಮಾರಿನ ಬಿಂದು ಕೊಡುತ್ತದೆ. ಎರಡೂ ಕಡೆ ತಪ್ಪು ಒಂದೇ ಆಗಿದ್ದರೆ ಕೂಡಿ ಕಳೆದು ತಿದ್ದಬಹುದು, ಬೇರೆ ಬೇರೆಯಾಗಿದ್ದರೆ ಚಿಪ್ಪನ್ನು ಬದಲಿಸುವುದೇ ಅಗ್ಗ. ತಾಪಮಾನವನ್ನು ಮೊದಲು ಸರಿಪಡಿಸಿ ಆಮೇಲೆ ತೇವಾಂಶಕ್ಕೆ ಬರಬೇಕು: ಒಂದು ಡಿಗ್ರಿ ಹೆಚ್ಚು ಕಾದ ಸೆನ್ಸರ್ ಶೇ. 60ರ ತೇವಾಂಶವನ್ನು 56–57 ಎನ್ನುತ್ತದೆ. ರೇಷ್ಮೆ ಸಾಕಣೆ ಮನೆಗಳಲ್ಲಿ ತೂಗುಹಾಕುವ ತೇವಾಂಶ ಮಾಪಕಗಳಿಗೂ ಇದೇ ಉಪ್ಪಿನ ಪರೀಕ್ಷೆ ಸಲ್ಲುತ್ತದೆ. ಚಾಕಿ ಹುಳುವಿಗೆ ಶೇ. 85–90 ಬೇಕೆಂದು ನೀರಿನ ಮಂಜು ಹಿಡಿಸುವ ಮುನ್ನ ಆ 85 ನಿಜವೇ ಎಂದು ನೋಡುವುದು ಒಳ್ಳೆಯದು.

ವಾಯುಭಾರದ ಸೆನ್ಸರಿಗೆ ಪಾಲನೆಯೇ ಬೇಡ. ಬೇಕಾದ್ದು ಎತ್ತರದ ಸರಿಯಾದ ಅಂಕಿ. ಶ್ರೀರಂಗಪಟ್ಟಣ ಸಮುದ್ರ ಮಟ್ಟದಿಂದ ಸುಮಾರು 680 ಮೀಟರ್, ನಾಗಮಂಗಲ 770ರ ಆಸುಪಾಸು. ಮೊದಲನೆಯ ಕಡೆ ನೇರ ಒತ್ತಡ ಸುಮಾರು 934 ಹೆಕ್ಟೋಪ್ಯಾಸ್ಕಲ್ ಇದ್ದರೆ ಎರಡನೆಯ ಕಡೆ 924. ಒಂಬತ್ತು ಮೀಟರಿಗೆ ಒಂದು ಹೆಕ್ಟೋಪ್ಯಾಸ್ಕಲ್ ಎಂದು ಹಿಡಿದರೆ ಸರಿಸುಮಾರು. ಸುದ್ದಿಯಲ್ಲಿ ಕೇಳುವ 1010ರಂಥ ಅಂಕಿ ಸಮುದ್ರ ಮಟ್ಟಕ್ಕೆ ಇಳಿಸಿ ಹೇಳಿದ್ದು. ಯಂತ್ರಕ್ಕೆ ಎತ್ತರ ತಿಳಿಸದಿದ್ದರೆ ಅದು 934 ತೋರಿಸುತ್ತದೆ, ನೋಡಿದವರು ಚಂಡಮಾರುತ ಬಂತೆಂದು ಗಾಬರಿಯಾಗುತ್ತಾರೆ. ಎತ್ತರ ತಿಳಿಯಲು ಮೊಬೈಲಿನ ಜಿಪಿಎಸ್ ಹತ್ತಾರು ಮೀಟರ್ ತಪ್ಪಬಹುದು. ಶ್ರೀರಂಗಪಟ್ಟಣ, ಪಾಂಡವಪುರ, ಅಕ್ಕಿಹೆಬ್ಬಾಳು, ಬಿ.ಜಿ. ನಗರ ರೈಲು ನಿಲ್ದಾಣಗಳ ಹಳದಿ ಫಲಕದ ಕೆಳಗೆ ಸಮುದ್ರ ಮಟ್ಟದಿಂದ ಎತ್ತರವನ್ನು ಬರೆದಿರುತ್ತಾರೆ. ಒತ್ತಡ ತೋರುವ ಮೊಬೈಲನ್ನು ಅಲ್ಲಿಗೊಮ್ಮೆ ಒಯ್ದು ಮನೆಗೆ ಮರಳಿದರೆ ಎರಡರ ವ್ಯತ್ಯಾಸದಿಂದ ಮನೆಯ ಎತ್ತರ ಸಿಗುತ್ತದೆ. ಎರಡೂ ಅಳತೆಗಳು ಅರ್ಧ ಗಂಟೆಯೊಳಗಾಗಬೇಕು, ಏಕೆಂದರೆ ಒತ್ತಡ ದಿನಕ್ಕೆರಡು ಬಾರಿ ಏರಿ ಇಳಿಯುತ್ತದೆ. ಬೆಳಿಗ್ಗೆ ಹತ್ತು ಮತ್ತು ರಾತ್ರಿ ಹತ್ತರ ಸುಮಾರಿಗೆ ಏರು, ನಸುಕಿನ ನಾಲ್ಕು ಮತ್ತು ಸಂಜೆ ನಾಲ್ಕರ ಸುಮಾರಿಗೆ ಇಳಿತ. ಬೆಳಗಿನ ಏರಿಗೂ ಸಂಜೆಯ ಇಳಿತಕ್ಕೂ ನಡುವೆ ಮೂರು ನಾಲ್ಕು ಹೆಕ್ಟೋಪ್ಯಾಸ್ಕಲ್. ನಮ್ಮ ಅಕ್ಷಾಂಶದಲ್ಲಿ ಈ ಅಲೆ ಎಷ್ಟು ಸ್ಪಷ್ಟವೆಂದರೆ, ವಾರದ ರೇಖಾಚಿತ್ರದಲ್ಲಿ ಅದು ಕಾಣದಿದ್ದರೆ ಸೆನ್ಸರ್ ಕೆಟ್ಟಿದೆ ಎಂದೇ ತಿಳಿಯಬಹುದು.

ಗಾಳಿಯ ವೇಗಕ್ಕೆ ಮನೆಯಲ್ಲಿ ನಿಜವಾದ ಕ್ಯಾಲಿಬ್ರೇಷನ್ ಸಾಧ್ಯವಿಲ್ಲ. ಅದಕ್ಕೆ ಗಾಳಿ ಸುರಂಗವೇ ಬೇಕು. ಬೈಕಿಗೆ ಕಟ್ಟಿಕೊಂಡು ಸ್ಪೀಡೋಮೀಟರಿನ ಜೊತೆ ಹೋಲಿಸುವ ಪ್ರಯೋಗಗಳು ಖುಷಿಗೆ ಸರಿ; ಬೈಕೇ ಎಬ್ಬಿಸುವ ಗಾಳಿ ಅದನ್ನು ಕೆಡಿಸುತ್ತದೆ. ಮಾಡಬಹುದಾದ್ದು ಬೇರಿಂಗಿನ ಪರೀಕ್ಷೆ. ಗಾಳಿಯಿಲ್ಲದ ಕೋಣೆಯಲ್ಲಿ ಗಾಳಿಮಾಪಕದ ಬಟ್ಟಲುಗಳನ್ನು ಬೆರಳಿನಿಂದ ತಿರುಗಿಸಿ ಬಿಟ್ಟರೆ ಮೆಲ್ಲಗೆ, ಸದ್ದಿಲ್ಲದೆ ನಿಲ್ಲಬೇಕು. ಗಕ್ಕನೆ ನಿಂತರೆ, ಕರಕರ ಎಂದರೆ ಸವೆದಿದೆ. ಕೊಂಡ ದಿನವೇ ಎಷ್ಟು ಸೆಕೆಂಡು ತಿರುಗಿತೆಂದು ಬರೆದಿಟ್ಟರೆ ಮುಂದೆ ಹೋಲಿಸಲು ಬರುತ್ತದೆ. ನಿಯಮದ ಎತ್ತರ ಹತ್ತು ಮೀಟರ್. ಎರಡು ಮೀಟರಿನ ಕಂಬದಲ್ಲಿ ಅಳೆದದ್ದನ್ನು ಹಾಗೆಂದೇ ಬರೆದುಕೊಂಡರೆ ತಪ್ಪಿಲ್ಲ, ಅದನ್ನು ಇಲಾಖೆಯ ವೇಗದೊಂದಿಗೆ ಹೋಲಿಸುವುದು ತಪ್ಪು.

ದಿಕ್ಕಿನ ಬಾಣಕ್ಕೆ ಉತ್ತರ ತೋರಿಸಿಕೊಡಬೇಕು. ದಿಕ್ಸೂಚಿ ಸಾಕು, ಕಬ್ಬಿಣದ ಕಂಬದಿಂದ ದೂರ ನಿಂತು ನೋಡಿದರೆ. ನೆರಳಿನಿಂದಲೂ ತಿಳಿಯಬಹುದು. ಈ ತಾಲ್ಲೂಕುಗಳ ರೇಖಾಂಶದಲ್ಲಿ ಸೂರ್ಯ ನೆತ್ತಿಯ ಗೆರೆ ದಾಟುವುದು ಗಡಿಯಾರದ ಹನ್ನೆರಡಕ್ಕಲ್ಲ, ವರ್ಷದ ಸರಾಸರಿಯಲ್ಲಿ 12.23ಕ್ಕೆ; ನವೆಂಬರ್ ಆರಂಭದಲ್ಲಿ ಕಾಲು ಗಂಟೆ ಮುಂಚೆ, ಫೆಬ್ರುವರಿ ನಡುವೆ ಕಾಲು ಗಂಟೆ ತಡ. ಆ ಹೊತ್ತಿನ ನೆರಳು ಚಳಿಗಾಲದಲ್ಲಿ ನೇರ ಉತ್ತರಕ್ಕೆ ಬೀಳುತ್ತದೆ. ಏಪ್ರಿಲ್ ಕೊನೆಯ ವಾರದಿಂದ ಆಗಸ್ಟ್ ಮೂರನೆಯ ವಾರದವರೆಗೆ ಸೂರ್ಯ ನೆತ್ತಿಗಿಂತ ಉತ್ತರಕ್ಕಿರುವುದರಿಂದ ನೆರಳು ದಕ್ಷಿಣಕ್ಕೆ. ಏಪ್ರಿಲ್ 23ರ ಆಸುಪಾಸಿನಲ್ಲಿ ನೆರಳೇ ಇಲ್ಲದ ದಿನ ಬರುತ್ತದೆ; ಅಂದು ಮಧ್ಯಾಹ್ನ ಕಂಬದ ನೆರಳು ಒಂದು ಬದಿಗೆ ಇಣುಕಿದರೆ ಕಂಬ ವಾಲಿದೆ ಎಂದು ತೂಗುಗುಂಡು ಇಲ್ಲದೆಯೇ ಗೊತ್ತಾಗುತ್ತದೆ.

ಬಿಸಿಲಿನ ಸೆನ್ಸರಿಗೆ ಮಟ್ಟವಾಗಿ ಕೂರುವುದು, ವಾರಕ್ಕೊಮ್ಮೆ ಮೆದು ಬಟ್ಟೆಯ ಒರೆತ ಇಷ್ಟೇ ಬೇಡಿಕೆ. ಮೋಡವಿಲ್ಲದ ನಡುಹಗಲು ಚದರ ಮೀಟರಿಗೆ 1,000 ವಾಟ್ ಹತ್ತಿರ ಬರದೆ ವರ್ಷದಿಂದ ವರ್ಷಕ್ಕೆ ಇಳಿಯುತ್ತಿದ್ದರೆ ಗಾಜು ಮಸುಕಾಗಿದೆ ಅಥವಾ ಸೆನ್ಸರಿಗೆ ವಯಸ್ಸಾಗಿದೆ. ಮಣ್ಣಿನ ತೇವದ ಸೆನ್ಸರಿಗೆ ಕಾರ್ಖಾನೆಯ ಲೆಕ್ಕ ನಂಬಬಾರದು. ನಾಗಮಂಗಲದ ಕೆಂಪು ಮರಳುಮಣ್ಣಿಗೂ ನಾಲೆ ಕೆಳಗಿನ ಜೇಡಿಮಣ್ಣಿಗೂ ಒಂದೇ ಲೆಕ್ಕ ಒಗ್ಗುವುದಿಲ್ಲ. ಅದೇ ಹೊಲದ ಮಣ್ಣನ್ನು ತೂಗಿ, 105 ಡಿಗ್ರಿಯಲ್ಲಿ ಒಂದು ದಿನ ಒಣಗಿಸಿ, ಮತ್ತೆ ತೂಗಿ ಸಿಗುವ ವ್ಯತ್ಯಾಸವೇ ಆಧಾರ.

ಪ್ರಾಣಿಪಕ್ಷಿಗಳನ್ನೂ ಲೆಕ್ಕಕ್ಕೆ ಹಿಡಿಯಬೇಕು. ಮೇಲುಕೋಟೆಯಲ್ಲಿ ಕೋತಿಗಳ ಕೈಗೆ ವೈರು ಸಿಕ್ಕದಂತೆ ಕೊಳವೆಯೊಳಗೆ ಹಾಯಿಸುವುದು ಅನಿವಾರ್ಯ. ಆದಿಚುಂಚನಗಿರಿಯ ಕಡೆ ನವಿಲಿನಷ್ಟು ತೂಕದ ಹಕ್ಕಿ ಬಾಣದ ಮೇಲೆ ಕೂತರೆ ಬಾಣ ಉಳಿಯುವುದಿಲ್ಲ. ಪ್ಲಾಸ್ಟಿಕ್ ಟೈಗಳ ತುದಿ ಮೇಲ್ಮುಖವಾಗಿ ನಿಲ್ಲುವಂತೆ ಆಲಿಕೆಯ ಅಂಚಿಗೆ ಕಟ್ಟಿದರೆ ಕಾಗೆ, ಪಾರಿವಾಳ ಕೂರುವುದಿಲ್ಲ, ಮಳೆಗೂ ಅಡ್ಡಿಯಿಲ್ಲ.

ಪಾಲನೆಯ ವೇಳಾಪಟ್ಟಿಯನ್ನು ಮಳೆ ನಕ್ಷತ್ರಗಳಿಗೆ ಹೊಂದಿಸಿಕೊಂಡರೆ ಮರೆಯುವುದಿಲ್ಲ. ಅಶ್ವಿನಿಗೆ ಮುಂಚೆ, ಅಂದರೆ ಏಪ್ರಿಲ್ ಮೊದಲ ವಾರದಲ್ಲಿ, ಮಳೆಮಾಪಕ ಬಿಚ್ಚಿ ತೊಳೆದು ನೀರಿನ ಪರೀಕ್ಷೆ. ಆಷಾಢದ ಗಾಳಿಗೆ ಮೊದಲು ಕಂಬದ ಬೋಲ್ಟು, ತಂತಿ, ಗಾಳಿಮಾಪಕದ ಬೇರಿಂಗು. ಆಷಾಢದೊಳಗೆ ಥರ್ಮಾಮೀಟರಿನ ಹೋಲಿಕೆ. ವರ್ಷದ ದೊಡ್ಡ ಮಳೆಗಳು ಉತ್ತರೆ, ಹಸ್ತ, ಚಿತ್ತೆಯಲ್ಲಿ ಬರುವುದರಿಂದ ಸೆಪ್ಟೆಂಬರ್ ನಡುವೆ ಮತ್ತೊಮ್ಮೆ ಆಲಿಕೆ ತೊಳೆಯುವುದು, ಬ್ಯಾಟರಿ ನೋಡುವುದು. ವಿಶಾಖ ಕಳೆದ ಮೇಲೆ ಉಪ್ಪಿನ ಪರೀಕ್ಷೆ, ಸೌರಫಲಕದ ಮಸಿ ಒರೆಸುವುದು. ಪ್ರತಿ ವರ್ಷ ಒಂದೇ ತಿಂಗಳಲ್ಲಿ ಕಂಬದಡಿ ನಿಂತು ನಾಲ್ಕು ದಿಕ್ಕಿಗೂ ಒಂದೊಂದು ಫೋಟೊ ತೆಗೆದಿಟ್ಟರೆ ಬೆಳೆದ ಮರ, ಎದ್ದ ಗೋಡೆ ಎರಡಕ್ಕೂ ಸಾಕ್ಷಿ ಇರುತ್ತದೆ. ಏನು ತೊಳೆದದ್ದು, ಏನು ತಿದ್ದಿದ್ದು, ಎಷ್ಟು ತಪ್ಪಿತ್ತು ಎಂಬುದನ್ನು ದಿನಾಂಕ ಸಹಿತ ಒಂದು ಪುಸ್ತಕದಲ್ಲಿ ಬರೆಯಬೇಕು. ಹಳೆಯ ಅಂಕಿಗಳನ್ನು ಮಾತ್ರ ಅಳಿಸಿ ತಿದ್ದಬಾರದು, ತಿದ್ದುಪಡಿ ಪಕ್ಕದಲ್ಲಿರಲಿ.

ಇಷ್ಟೆಲ್ಲ ಮಾಡಿದ ಮನೆಯ ಕೇಂದ್ರ ಬಿತ್ತನೆ, ನೀರು, ಔಷಧಿಯ ನಿರ್ಧಾರಕ್ಕೆ ಧಾರಾಳವಾಗಿ ಸಾಕು. ಹವಾಮಾನ ಆಧಾರಿತ ಬೆಳೆ ವಿಮೆಗೆ ಅದು ನಡೆಯದು. ಅಲ್ಲಿ ಅಧಿಸೂಚಿತ ಕೇಂದ್ರದ ಅಂಕಿಯೇ ಅಂತಿಮ. ಆದರೆ ಪಂಚಾಯಿತಿ ಆವರಣದ ಮಾಪಕಕ್ಕೂ ಜೇಡ ಬಲೆ ಕಟ್ಟುತ್ತದೆ, ಅದರ ಪಕ್ಕದಲ್ಲೂ ಮರ ಬೆಳೆಯುತ್ತದೆ. ಪಾಲಿಸಿದ ಮಾಪಕ ಮನೆಯಲ್ಲಿರುವವರು ತಮ್ಮ ಹಂಗಾಮಿನ ಒಟ್ಟು ಮಳೆಯನ್ನು ಊರಿನ ಸರ್ಕಾರಿ ಮಾಪಕದ ಒಟ್ಟಿನೊಂದಿಗೆ ಹೋಲಿಸಬೇಕು. ಒಂದೇ ಊರಿನಲ್ಲಿ ಇಡೀ ಹಂಗಾಮಿನ ಅಂಕಿ ಕಾಲುಭಾಗ ಬೇರೆಯಾಗಿದ್ದರೆ ಪುಸ್ತಕ ಹಿಡಿದು ಪಂಚಾಯಿತಿಗೆ ಹೋಗಿ ಆಲಿಕೆ ಬಿಚ್ಚಿ ನೋಡುವಂತೆ ಕೇಳಬೇಕು.